ಹುಲಿಯಿಲ್ಲದ ದ್ವೀಪದಲ್ಲಿ ಹುಲಿ ಸವಾರಿ

(ಉಪನ್ಯಾಸದ ಬರಹ ರೂಪ)

ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ ಕತ್ತೆಕಿರುಬ ಇಲ್ಲ. ಹಿಂದೆಯೂ ಇರಲಿಲ್ಲ. ಆದರೆ ಬುಕಿ ಅಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಬುಕಿ ಹೊಟ್ಟೆಬಾಕ, ದಡ್ಡ. ಯಾರು ಏನು ಹೇಳಿದರೂ ನಂಬುತ್ತಾನೆ. ಅವನನ್ನು ಸದಾ ಬೇಸ್ತು ಬೀಳಿಸುವ ಚಾಲಾಕಿಯ ಹೆಸರು ತಿ ಮಾಲಿಸ್. ಹೈಟಿಯ ಕತೆಗಳಲ್ಲಿ ಈ ಬುಕಿ ಮನುಷ್ಯನ ಹಾಗೆಯೇ ಇರುತ್ತಾನೆ. ಹೊಲದಲ್ಲಿ ಕೆಲಸ ಮಾಡುತ್ತಾನೆ, ಸಂತೆಗೆ ಹೋಗುತ್ತಾನೆ, ಊಟದ ವಾಸನೆ ಬಂದ ಕಡೆ ಮೂಗು ಚಾಚುತ್ತಾನೆ. ಈಗ ಅಟ್ಲಾಂಟಿಕ್ ದಾಟಿ ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಬನ್ನಿ. ಅಲ್ಲಿನ ವೊಲೊಫ್ ಭಾಷೆಯಲ್ಲಿ ಕತ್ತೆಕಿರುಬಕ್ಕೆ ಬುಕಿ ಅಂತಲೇ ಹೆಸರು. ಅಲ್ಲಿನ ಕತೆಗಳಲ್ಲಿ ಲೆಯುಕ್ ಎಂಬ ಮೊಲ ಈ ಕತ್ತೆಕಿರುಬಕ್ಕೆ ಮತ್ತೆ ಮತ್ತೆ ಟೋಪಿ ಹಾಕುತ್ತದೆ. ಅದೇ ಹೊಟ್ಟೆಬಾಕತನ, ಅದೇ ಪೆದ್ದುತನ. ಪ್ರಾಣಿಯನ್ನು ಕಣ್ಣಾರೆ ಕಾಣದ ಜನ ಅದರ ಹೆಸರನ್ನೂ ಗುಣವನ್ನೂ ತಲೆಮಾರುಗಳ ಕಾಲ ಉಳಿಸಿಕೊಂಡಿದ್ದಾರೆ.

ಆಫ್ರಿಕಾದ ಕಿಲಾಡಿಗಳ ಕತೆಗಳು ಗುಲಾಮರ ಜತೆ ಸಾಗರ ದಾಟಿದ್ದೇ ನನ್ನ ಇವತ್ತಿನ ವಿಷಯ. ಇದು ಹೇಗಾಯಿತು ಅನ್ನುವುದಕ್ಕೆ ಮೊದಲು ಸ್ವಲ್ಪ ಲೆಕ್ಕ ನೋಡೋಣ. 16ನೇ ಶತಮಾನದಿಂದ 19ನೇ ಶತಮಾನದ ನಡುಭಾಗದವರೆಗೆ ಸುಮಾರು 1 ಕೋಟಿ 25 ಲಕ್ಷ ಜನರನ್ನು ಗುಲಾಮರನ್ನಾಗಿ ಆಫ್ರಿಕಾದಲ್ಲಿ ಹಡಗಿಗೆ ತುಂಬಿದರು. ಇದು ಹಡಗುಗಳ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿ ಇತಿಹಾಸಕಾರರು ಕಟ್ಟಿರುವ ಅಂದಾಜು. ಆಚೆ ದಡದಲ್ಲಿ ಜೀವಂತವಾಗಿ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಗುಲಾಮಗಿರಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಯುನೈಟೆಡ್ ಸ್ಟೇಟ್ಸ್‌ನ ಹತ್ತಿ ಹೊಲ, ಅಲ್ವಾ? ಆದರೆ ಆಫ್ರಿಕಾದಿಂದ ನೇರವಾಗಿ ಅಲ್ಲಿಗೆ ಬಂದವರು ನಾಲ್ಕು ಲಕ್ಷಕ್ಕೂ ಕಡಿಮೆ. ಜಮೈಕಾ ಎಂಬ ಒಂದು ದ್ವೀಪದಲ್ಲೇ ಸುಮಾರು 10 ಲಕ್ಷ ಜನ ಇಳಿದರು. ಬ್ರೆಜಿಲ್‌ನಲ್ಲಿ 48 ಲಕ್ಷದ ಹತ್ತಿರ.

ಜಮೈಕಾಕ್ಕೆ ಯಾಕೆ ಅಷ್ಟು ಜನ? ಕಬ್ಬು. ಕಬ್ಬಿನ ಗದ್ದೆಯಲ್ಲೂ ಗಾಣದ ಮನೆಯಲ್ಲೂ ಜನ ಹುಟ್ಟುವುದಕ್ಕಿಂತ ಬೇಗ ಸಾಯುತ್ತಿದ್ದರು. ತೋಟದ ದೊರೆಗಳು ಹೊಸಬರನ್ನು ಕೊಳ್ಳುತ್ತಲೇ ಇದ್ದರು. ಕತೆಗಳ ಮಟ್ಟಿಗೆ ಇದರಿಂದ ಒಂದು ಪರಿಣಾಮ ಆಯಿತು. ತಮ್ಮ ಊರಲ್ಲೇ ಕತೆ ಕೇಳಿ ಬೆಳೆದವರು ವರ್ಷವರ್ಷವೂ ಬಂದು ಸೇರುತ್ತಿದ್ದರು. ಅಜ್ಜಿ ಮರೆತ ಕತೆಯನ್ನು ಹೋದ ತಿಂಗಳು ಹಡಗಿನಿಂದ ಇಳಿದವನು ನೆನಪಿಸಬಹುದಿತ್ತು. ಕೆರಿಬಿಯನ್‌ನಲ್ಲಿ ಆಫ್ರಿಕಾದ ಹೆಸರುಗಳು ಇಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ, ಅಮೆರಿಕದ ಜಾರ್ಜಿಯಾದಲ್ಲಿ ಅಷ್ಟಾಗಿ ಉಳಿಯದೇ ಇದ್ದದ್ದಕ್ಕೆ ಇದೂ ಒಂದು ಕಾರಣ.

ಯಾವ ಕತೆ ಎಲ್ಲಿಗೆ ಹೋಯಿತು? ಈಗಿನ ಘಾನಾದ ಕರಾವಳಿಯನ್ನು ಯುರೋಪಿನವರು ಚಿನ್ನದ ಕರಾವಳಿ ಅನ್ನುತ್ತಿದ್ದರು. ಅಲ್ಲಿನ ಅಕಾನ್ ಜನರು, ಅಂದರೆ ಅಶಾಂತಿ, ಫಾಂತಿ ಮೊದಲಾದವರು, ಹೆಚ್ಚಾಗಿ ಜಮೈಕಾಕ್ಕೂ ದಕ್ಷಿಣ ಅಮೆರಿಕದ ಸುರಿನಾಮ್‌ಗೂ ಹೋದರು. ಅವರ ಜತೆ ಹೋದವನು ಅನಾನ್ಸೆ. ಅವನೊಬ್ಬ ಜೇಡ. ಜಮೈಕಾದಲ್ಲಿ ಅವನು ಅನಾನ್ಸಿ, ಕುರಸಾವ್ ದ್ವೀಪದಲ್ಲಿ ನಾನ್ಸಿ. ಅಮೆರಿಕದ ಸೌತ್ ಕೆರೊಲಿನಾ ಕರಾವಳಿಯಲ್ಲಿ ಆಂಟ್ ನ್ಯಾನ್ಸಿ, ಅಂದರೆ ನ್ಯಾನ್ಸಿ ಅತ್ತೆ ಆಗಿಬಿಟ್ಟಿದ್ದಾನೆ! ಸೆನೆಗಲ್ ಕಡೆಯ ಮೊಲ, ಕತ್ತೆಕಿರುಬ ಫ್ರೆಂಚರ ಲೂಯಿಸಿಯಾನಾದಲ್ಲಿ ಬುಕಿ ಮತ್ತು ಲಪ್ಯಾಂ ಎಂಬ ಜೋಡಿಯಾದವು. ನೈಜೀರಿಯಾದ ಯೊರುಬಾ ಜನರ ಚಾಲಾಕಿ ಆಮೆ ಕ್ಯೂಬಾದಲ್ಲಿ ಹಿಕೊತೇಯಾ ಆಯಿತು. ಇದನ್ನೆಲ್ಲ ನಕ್ಷೆಯ ಮೇಲೆ ಗೆರೆ ಎಳೆದ ಹಾಗೆ ತೆಗೆದುಕೊಳ್ಳಬೇಡಿ. ಒಂದೇ ತೋಟದಲ್ಲಿ ನಾಲ್ಕಾರು ಭಾಷೆಯವರು ಇರುತ್ತಿದ್ದರು. ಕತೆಗಳು ಅಲ್ಲೇ ಬೆರೆತವು.

ಇಲ್ಲಿ ಒಂದು ಮಾತು ಬದಿಗೆ ಹೇಳಿ ಮುಂದೆ ಹೋಗುತ್ತೇನೆ. ಯೊರುಬಾ ಜನರಲ್ಲಿ ಎಶು ಎಂಬ ದೇವರಿದ್ದಾನೆ. ನೆರೆಯ ಫೊನ್ ಎಂಬ ಜನರಲ್ಲಿ ಲೆಗ್ಬಾ. ಇವರೂ ಕಿಲಾಡಿಗಳೇ, ಇವರೂ ಸಾಗರ ದಾಟಿದವರೇ. ಬ್ರೆಜಿಲ್‌ನಲ್ಲಿ, ಕ್ಯೂಬಾದಲ್ಲಿ, ಹೈಟಿಯಲ್ಲಿ ಇವತ್ತಿಗೂ ಇವರಿಗೆ ಪೂಜೆ ನಡೆಯುತ್ತದೆ. ಆದರೆ ಅದು ದೇವಸ್ಥಾನದ ವಿಷಯ. ಜೇಡನಿಗೆ ಯಾರೂ ಪೂಜೆ ಮಾಡುವುದಿಲ್ಲ. ನಾನು ಇವತ್ತು ಪೂಜೆ ಇಲ್ಲದವರ ಬಗ್ಗೆ ಮಾತಾಡುತ್ತೇನೆ.

ಅನಾನ್ಸೆಯನ್ನು ಮೊದಲು ಅವನ ಊರಲ್ಲೇ ನೋಡೋಣ. ಅವನ ಪೂರ್ತಿ ಹೆಸರು ಕ್ವಾಕು ಅನಾನ್ಸೆ. ಅಕಾನ್ ಜನ ಮಗು ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ. ಬುಧವಾರ ಹುಟ್ಟಿದ ಗಂಡು ಕ್ವಾಕು. ಶುಕ್ರವಾರ ಹುಟ್ಟಿದವನು ಕೋಫಿ, ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಹಾಗೆ. ಶನಿವಾರವಾದರೆ ಕ್ವಾಮೆ, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಹಾಗೆ. ಜೇಡಕ್ಕೂ ಮನುಷ್ಯರ ಹೆಸರೇ ಇಟ್ಟಿದ್ದಾರೆ ನೋಡಿ. ಅವನಿಗೆ ಅಸೊ ಎಂಬ ಹೆಂಡತಿ, ನ್ತಿಕುಮಾ ಎಂಬ ಮಗ.

ಅಕಾನ್ ಜನ ಕತೆಗಳನ್ನೆಲ್ಲ ಒಟ್ಟಾಗಿ ಅನಾನ್ಸೆಸೆಂ ಅನ್ನುತ್ತಾರೆ, ಅಂದರೆ ಜೇಡನ ಕತೆಗಳು. ಅನಾನ್ಸೆ ಇಲ್ಲದ ಕತೆಗೂ ಅದೇ ಹೆಸರು. ಹೀಗೆ ಯಾಕೆ ಅನ್ನುವುದಕ್ಕೂ ಒಂದು ಕತೆ ಇದೆ. ಬ್ರಿಟಿಷ್ ಅಧಿಕಾರಿ ಆರ್. ಎಸ್. ರಾಟ್ರೆ ಅಶಾಂತಿ ಊರುಗಳಲ್ಲಿ ಓಡಾಡಿ ಕತೆ ಬರೆದುಕೊಂಡು 1930ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಈ ಕತೆ ವಿವರವಾಗಿ ಇದೆ.

ಕತೆಗಳೆಲ್ಲ ಮೊದಲು ಆಕಾಶದ ದೇವರು ನ್ಯಾಮೆಯ ಹತ್ತಿರ ಇದ್ದವು. ಅನಾನ್ಸೆ ಹೋಗಿ, ಮಾರುತ್ತೀಯಾ ಅಂತ ಕೇಳಿದ. ದೇವರಿಗೆ ನಗು. ಕೊಕೊಫು, ಬೆಕ್ವಾಯಿ ಅಂಥ ದೊಡ್ಡ ದೊಡ್ಡ ಊರಿನವರು ಬಂದು ಕೊಳ್ಳಲಾಗದೆ ಹೋಗಿದ್ದಾರೆ, ನೀನು ಯಾವ ಲೆಕ್ಕ? ಬೆಲೆ ಏನು ಹೇಳು ಅಂದ ಅನಾನ್ಸೆ. ದೇವರು ಹೇಳಿದ: ಹೆಬ್ಬಾವು, ಚಿರತೆ, ಕಣಜದ ಹುಳುಗಳ ಹಿಂಡು, ಕಾಡಿನ ಮಾಯಾ ಹೆಣ್ಣು. ಅನಾನ್ಸೆ ತಲೆ ಆಡಿಸಿ, ಇಷ್ಟನ್ನೂ ತರುತ್ತೇನೆ, ಮೇಲೆ ನನ್ನ ಮುದಿ ತಾಯಿಯನ್ನೂ ಸೇರಿಸಿ ಕೊಡುತ್ತೇನೆ ಅಂದ. ಯಾರೂ ಕೇಳಿರಲಿಲ್ಲ! ಅಂಗಡಿಯಲ್ಲಿ ಕೊಸರು ಹಾಕುವ ಹಾಗೆ ಹೆತ್ತ ತಾಯಿಯನ್ನೇ ಹಾಕಿದ. ಈ ಒಂದು ಮಾತು ನೆನಪಿರಲಿ. ಇವನು ಎಂಥವನು ಅನ್ನುವುದು ಇದರಲ್ಲೇ ಇದೆ.

ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಉಪಾಯ ಹೇಳಿದವಳು ಅಸೊ. ಅವಳು ಹೇಳಿದಂತೆ ಒಂದು ಉದ್ದನೆ ಕೊಂಬೆ, ಒಂದಿಷ್ಟು ಬಳ್ಳಿ ಹಿಡಿದು ಹೆಬ್ಬಾವಿನ ಮನೆ ಹತ್ತಿರ ಹೋದ. ತನ್ನಷ್ಟಕ್ಕೆ ಜಗಳ ಆಡುತ್ತಾ ಹೋದ. “ಅವನೇ ಉದ್ದ.” “ಇಲ್ಲ, ಕೊಂಬೆಯೇ ಉದ್ದ.” ಹೆಬ್ಬಾವು ಏನದು ಅಂತ ಕೇಳಿತು. ನನ್ನ ಹೆಂಡತಿ ನಿನ್ನನ್ನು ಗಿಡ್ಡ ಅನ್ನುತ್ತಾಳೆ, ನಾನು ಒಪ್ಪಲಿಲ್ಲ ಅಂದ ಅನಾನ್ಸೆ. ಹಾಗಾದರೆ ಅಳೆದೇ ನೋಡು ಅಂತ ಹೆಬ್ಬಾವು ಕೊಂಬೆಯ ಪಕ್ಕ ಉದ್ದಕ್ಕೆ ಮಲಗಿತು. ಬಳ್ಳಿ ಸುತ್ತುತ್ತಾ ಬಂದ, ತಲೆಯವರೆಗೂ ಸುತ್ತಿದ. ಮುಗಿಯಿತು.

ಕಣಜಗಳಿಗೆ ಸೋರೆ ಬುರುಡೆ. ಬುರುಡೆಯಲ್ಲಿ ನೀರು ತುಂಬಿಕೊಂಡು ಹೋಗಿ ಅರ್ಧ ಹುಳುಗಳ ಮೇಲೆ ಚೆಲ್ಲಿದ, ಅರ್ಧ ತನ್ನ ಮೈಮೇಲೆ ಸುರಿದುಕೊಂಡ. ತಲೆ ಮೇಲೆ ಬಾಳೆ ಎಲೆ ಹಿಡಿದು, ಅಯ್ಯೋ ಮಳೆ ಬಂತು, ಈ ಬುರುಡೆ ಒಳಗೆ ಬಂದುಬಿಡಿ ಅಂದ. ಅವು ಬಂದವು. ಬಾಯಿ ಮುಚ್ಚಿದ. ಚಿರತೆಗೆ ಗುಂಡಿ ತೋಡಿದ. ಮಾಯಾ ಹೆಣ್ಣಿಗೆ ಮಾತ್ರ ಜಾಸ್ತಿ ಕೆಲಸ ಮಾಡಬೇಕಾಯಿತು. ಮರದ ಗೊಂಬೆ ಕೆತ್ತಿ, ಅದಕ್ಕೆ ಮರದ ಅಂಟು ಬಳಿದು, ಕೈಯಲ್ಲಿ ಯಾಮ್ ಗಡ್ಡೆಯ ಮುದ್ದೆ ಇಟ್ಟ. ಆಕೆ ಬಂದು, ತಿನ್ನಲಾ ಅಂತ ಕೇಳಿದಳು. ಹಿಂದಿನಿಂದ ದಾರ ಎಳೆದ, ಗೊಂಬೆ ತಲೆ ಆಡಿಸಿತು. ತಿಂದು ಮುಗಿಸಿ ಥ್ಯಾಂಕ್ಸ್ ಹೇಳಿದಳು. ಗೊಂಬೆ ಸುಮ್ನೆ ಇತ್ತು. ಎಷ್ಟು ಕೊಬ್ಬು ಇದಕ್ಕೆ ಅಂತ ಕೆನ್ನೆಗೆ ಹೊಡೆದಳು. ಕೈ ಅಂಟಿತು. ಇನ್ನೊಂದು ಕೈ, ಕಾಲು, ಹೊಟ್ಟೆ, ಎಲ್ಲ ಅಂಟಿದವು. ಈ ಅಂಟಿನ ಗೊಂಬೆ ಮುಂದೆ ಮತ್ತೆ ಬರುತ್ತದೆ.

ದೇವರು ತನ್ನ ಮುಖಂಡರನ್ನೆಲ್ಲ ಕರೆದು ಸಭೆ ಮಾಡಿ ಸಾರಿದ: ಇನ್ನು ಮೇಲೆ ಇವು ನನ್ನ ಕತೆಗಳಲ್ಲ, ಜೇಡನ ಕತೆಗಳು. ಅಸೊ ಹೆಸರನ್ನು ಯಾರೂ ಎತ್ತಲಿಲ್ಲ, ಗಮನಿಸಿದಿರಾ?

ಇದನ್ನು ಕೇಳಿದವರು ಅನಾನ್ಸೆ ದೊಡ್ಡ ಬುದ್ಧಿವಂತ ಅಂದುಕೊಳ್ಳುತ್ತಾರೆ. ಅದಕ್ಕೇ ಪಕ್ಕದಲ್ಲೇ ಇನ್ನೊಂದು ಕತೆ ಇಡಬೇಕು. ಲೋಕದ ಬುದ್ಧಿಯನ್ನೆಲ್ಲ ಒಂದು ಮಡಕೆಗೆ ತುಂಬಿ ತಾನೊಬ್ಬನೇ ಇಟ್ಟುಕೊಳ್ಳಲು ಹೊರಟ. ಮಡಕೆಯನ್ನು ಹೊಟ್ಟೆ ಮೇಲೆ ಕಟ್ಟಿಕೊಂಡು ಮರ ಹತ್ತುತ್ತಿದ್ದ. ಮಡಕೆ ಅಡ್ಡ ಬರುತ್ತಿತ್ತು, ಜಾರುತ್ತಿದ್ದ. ಕೆಳಗಿದ್ದ ಮಗ ನ್ತಿಕುಮಾ, ಅಪ್ಪಾ, ಅದನ್ನು ಬೆನ್ನಿಗೆ ಕಟ್ಟಿಕೊಳ್ಳಬಾರದಾ ಅಂದ. ಬುದ್ಧಿಯೆಲ್ಲ ಮಡಕೆಯಲ್ಲಿದ್ದರೆ ಈ ಹುಡುಗನ ಹತ್ತಿರ ಎಲ್ಲಿಂದ ಬಂತು? ಸಿಟ್ಟಿನಲ್ಲಿ ಮಡಕೆ ಕೈತಪ್ಪಿ ಒಡೆಯಿತು, ಜನ ಓಡಿ ಬಂದು ಸಿಕ್ಕಷ್ಟು ಬಾಚಿಕೊಂಡರು. ಊರಿನ ಅನಾನ್ಸೆ ಅರ್ಧ ಕತೆಗಳಲ್ಲಿ ಗೆಲ್ಲುತ್ತಾನೆ, ಉಳಿದ ಅರ್ಧದಲ್ಲಿ ಮಾನ ಕಳೆದುಕೊಂಡು ಮಾಡಿನ ಸಂದಿಗೆ ಓಡುತ್ತಾನೆ. ಅದಕ್ಕೇ ಜೇಡ ಇವತ್ತಿಗೂ ಅಲ್ಲೇ ಇರುವುದು ಅಂತ ಕತೆ ಮುಗಿಸುತ್ತಾರೆ. ಜನ ಅವನ ಬುದ್ಧಿಗೂ ನಗುತ್ತಾರೆ, ಬಿದ್ದಾಗಲೂ ನಗುತ್ತಾರೆ.

ಕತೆ ಹೇಳುವ ರೀತಿಯ ಬಗ್ಗೆ ರಾಟ್ರೆ ಬರೆದಿರುವುದು ಕತೆಗಳಿಗಿಂತ ಮುಖ್ಯ ಅಂತ ನನಗನ್ನಿಸುತ್ತದೆ. ಕತ್ತಲಾದ ಮೇಲೆಯೇ ಕತೆ. ಶುರು ಮಾಡುವ ಮೊದಲು ಒಂದು ಮಾತು ಹೇಳಬೇಕು: ನಾವು ಹೇಳುವುದು ನಿಜ ಅಂತ ನಾವು ಹೇಳುತ್ತಿಲ್ಲ, ಖಂಡಿತ ಹೇಳುತ್ತಿಲ್ಲ. ಇದಿಷ್ಟು ಹೇಳಿದ ಮೇಲೆ ಏನು ಬೇಕಾದರೂ ಹೇಳಬಹುದು. ದೇವರನ್ನು ಆಡಿಕೊಳ್ಳಬಹುದು, ಮುಖಂಡನನ್ನು ಆಡಿಕೊಳ್ಳಬಹುದು. ಹಗಲಲ್ಲಿ ಅಂದರೆ ದಂಡ ಬೀಳುವ ಮಾತು ರಾತ್ರಿ ಜೇಡನ ಬಾಯಲ್ಲಿ ಬಂದರೆ ಎಲ್ಲರೂ ನಗುತ್ತಾರೆ. ಮುಗಿಸುವಾಗಲೂ ಒಂದು ಮಾತಿದೆ. ಈ ನನ್ನ ಕತೆ ಸಿಹಿಯಾಗಿದ್ದರೂ ಸರಿ, ಸಿಹಿಯಿಲ್ಲದಿದ್ದರೂ ಸರಿ, ಸ್ವಲ್ಪ ಬೇರೆ ಕಡೆ ಒಯ್ಯಿರಿ, ಸ್ವಲ್ಪ ನನಗೆ ವಾಪಸ್ ಬರಲಿ.

ಕೇಳುವವರೂ ಸುಮ್ನೆ ಕೂರುವುದಿಲ್ಲ. ನಮ್ಮಲ್ಲಿ ಕತೆಗೆ ಹೂಂಗುಟ್ಟುವವರು ಬೇಕು, ಹೂಂ ನಿಂತರೆ ಅಜ್ಜಿ ಕತೆ ನಿಲ್ಲಿಸುತ್ತಾಳೆ. ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಕತೆ ನಡೆಯುವಾಗ ಯಾರಾದರೂ ತಡೆದು, ನಿಲ್ಲಿಸು, ಆ ದಿನ ನಾನೂ ಅಲ್ಲೇ ಇದ್ದೆ ಅಂತ ಎದ್ದು ಹಾಡು ಶುರು ಮಾಡುತ್ತಾರೆ. ಎಲ್ಲರೂ ದನಿಗೂಡಿಸುತ್ತಾರೆ. ಹಾಡು ಮುಗಿದ ಮೇಲೆ ಕತೆ ಬಿಟ್ಟ ಕಡೆಯಿಂದ ಮುಂದಕ್ಕೆ. ಇದಕ್ಕೆ ಮ್ಮೊಗುಒ ಅನ್ನುತ್ತಾರೆ. ಘಾನಾದ ನಾಟಕಕಾರ್ತಿ ಎಫುವಾ ಸದರ್ಲೆಂಡ್ 1960ರ ದಶಕದಲ್ಲಿ ಅಟ್ವಿಯಾ ಎಂಬ ಹಳ್ಳಿಯಲ್ಲಿ ಕತೆಗೆಂದೇ ಒಂದು ಮನೆ ಕಟ್ಟಿಸಿದರು. ತಮ್ಮ ನಾಟಕಗಳಲ್ಲೂ ಈ ತಡೆದು ಹಾಡುವ ಪದ್ಧತಿಯನ್ನೇ ತಂದರು.

ಈಗ ಸುರಿನಾಮ್‌ಗೆ ಹೋಗೋಣ. ಡಚ್ಚರ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರು ಅಲ್ಲಿ ತಮ್ಮದೇ ಊರುಗಳನ್ನು ಕಟ್ಟಿದರು. ಡಚ್ಚರು ಅವರನ್ನು ಸೋಲಿಸಲಾಗದೆ 1760ರಲ್ಲಿ ಒಂದು ಗುಂಪಿನ ಜತೆ, 1762ರಲ್ಲಿ ಸರಮಾಕಾ ಎಂಬ ಇನ್ನೊಂದು ಗುಂಪಿನ ಜತೆ ಒಪ್ಪಂದ ಮಾಡಿಕೊಂಡರು. ಸರಮಾಕಾ ಊರಿನಲ್ಲಿ ಯಾರಾದರೂ ಸತ್ತರೆ ರಾತ್ರಿಯಿಡೀ ಕತೆ ಹೇಳುತ್ತಾರೆ. ಹೇಳುವವನು “ಮಾತೊ” ಅನ್ನುತ್ತಾನೆ, ಇನ್ನೊಬ್ಬ “ತೊಂಗೋನಿ” ಅನ್ನುತ್ತಾನೆ, ಕತೆ ಶುರು. ಪ್ರತಿ ಸಾಲಿಗೂ ಒಬ್ಬ “ಈಯಾ, ಈಯಾ” ಅನ್ನುತ್ತಾ ಹೋಗುತ್ತಾನೆ. ನಡುವೆ ಯಾರೋ ತಡೆದು, ಆಗ ನಾನೂ ಅಲ್ಲಿದ್ದೆ ಅಂತ ಬೇರೆ ಕತೆಯ ತುಣುಕು ಹೇಳಿ ಹಾಡು ಎತ್ತುತ್ತಾರೆ. ಜಮೈಕಾದಲ್ಲೂ ಸಾವಿನ ಮನೆಯ ಒಂಬತ್ತು ರಾತ್ರಿಗಳಲ್ಲಿ ಅನಾನ್ಸಿ ಕತೆ, ಒಗಟು ಹೇಳುವ ರೂಢಿ ಇತ್ತು. ಹೈಟಿಯಲ್ಲಿ ಕತೆಗಾರ “ಕ್ರಿಕ್?” ಅಂದರೆ ಕೂತವರು “ಕ್ರಾಕ್!” ಅನ್ನಬೇಕು, ಇಲ್ಲದಿದ್ದರೆ ಕತೆ ಇಲ್ಲ.

ನನ್ನ ಮಾತಿನ ತಿರುಳು ಇಷ್ಟೇ. ಕತೆಗಳು ಹೋದವು ಅನ್ನುವುದು ಸರಿ, ಆದರೆ ಅವುಗಳ ಜತೆ ಒಂದು ಅನುಮತಿಯೂ ಹೋಯಿತು. ರಾತ್ರಿಯಲ್ಲಿ, ಎಲ್ಲರೂ ಸೇರಿ, ಇದು ನಿಜ ಅಲ್ಲ ಅಂತ ಹೇಳಿಕೊಂಡು, ದೊಡ್ಡವರನ್ನು ನೋಡಿ ನಗುವ ಅನುಮತಿ. 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೊ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು. ಮರುವರ್ಷವೇ ಅಲ್ಲಿ ಕಾನೂನು ಬಂತು. ಗುಲಾಮರು ಡೋಲು ಬಾರಿಸಬಾರದು, ಕೊಂಬು ಊದಬಾರದು, ಅವರಿಗೆ ಬರೆಯಲು ಕಲಿಸಬಾರದು. ಡೋಲನ್ನು ಕಿತ್ತುಕೊಳ್ಳಬಹುದು, ಜೇಡದ ಕತೆಯನ್ನು ಹೇಗೆ ಕಿತ್ತುಕೊಳ್ಳುತ್ತೀರಿ? ದೊರೆಯ ಮಕ್ಕಳೂ ಅದನ್ನು ಕೇಳಿ ನಗುತ್ತಿದ್ದರು.

ಆದರೆ ಕತೆಯ ಒಳಗೆ ಕೆಲವರು ಜಾಗ ಬದಲಾಯಿಸಿದರು. ಆಕಾಶದ ದೇವರು ನ್ಯಾಮೆ ಜಮೈಕಾದಲ್ಲಿ ಬಹುಪಾಲು ಕಾಣೆಯಾಗುತ್ತಾನೆ. ಅವನ ಬದಲು ಎದುರಿಗೆ ನಿಲ್ಲುವವನು ಹುಲಿ. ಜಮೈಕಾದಲ್ಲಿ ಹುಲಿ ಎಲ್ಲಿಂದ ಬರಬೇಕು? ಘಾನಾದಲ್ಲೂ ಹುಲಿ ಇಲ್ಲ, ಇರುವುದು ಚಿರತೆ. ಜಮೈಕಾದ ಕತೆಗಳಲ್ಲಿ ಮಾತ್ರ ಹುಲಿಯಣ್ಣನದೇ ಕಾರುಬಾರು. ಅಲ್ಲಿ ತುಂಬ ಹೆಸರಾದ ಕತೆ ಒಂದನ್ನು ಹೇಳುತ್ತೇನೆ.

ಅನಾನ್ಸಿಗೂ ಹುಲಿಗೂ ಒಂದೇ ಮನೆಯ ಹುಡುಗಿಯರ ಮೇಲೆ ಕಣ್ಣು. ಅನಾನ್ಸಿ ಒಂದು ದಿನ ಅಲ್ಲಿ ಹೋಗಿ, ಹುಲಿಯೇ? ಅವನು ನಮ್ಮಪ್ಪನ ಹಳೇ ಸವಾರಿ ಕುದುರೆ ಅಲ್ವಾ ಅಂದ. ಹುಡುಗಿಯರು ನಕ್ಕರು. ಮಾರನೆ ದಿನ ಹುಲಿ ಬಂದಾಗ ಅವನ ಮುಖ ನೋಡಿಯೂ ನಕ್ಕರು. ವಿಷಯ ತಿಳಿದು ಹುಲಿ ಕೆಂಡವಾಗಿ ಅನಾನ್ಸಿ ಮನೆಗೆ ಬಂತು. ಏಳು, ಈಗಲೇ ಬಂದು ಸುಳ್ಳು ಅಂತ ಅವರ ಮುಂದೆ ಹೇಳು. ಅನಾನ್ಸಿ ಚಾಪೆ ಮೇಲೆ ನರಳುತ್ತಿದ್ದ. “ಹುಲಿಯಣ್ಣ, ನಾನು ಹಾಗೆ ಅಂದೇ ಇಲ್ಲ. ಬರುತ್ತಿದ್ದೆ, ಆದರೆ ಜ್ವರ, ಕಾಲೇ ಏಳುತ್ತಿಲ್ಲ.” ನನ್ನ ಬೆನ್ನ ಮೇಲೆ ಕೂತುಕೋ ಅಂತು ಹುಲಿ. “ಕೂರುತ್ತೇನೆ, ಬಿದ್ದುಬಿಡುತ್ತೇನಲ್ಲ? ಒಂದು ಜೀನು ಹಾಕಿದರೆ ಆಗುತ್ತಿತ್ತು.” ಜೀನು ಬಂತು. “ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.” ಲಗಾಮು ಬಂತು. “ನೊಣ ಓಡಿಸಲು ಒಂದು ಕಡ್ಡಿ.” ಚಾಟಿ ಬಂತು. ಹುಡುಗಿಯರ ಮನೆ ಕಂಡದ್ದೇ ತಡ, ನರಳುತ್ತಿದ್ದವನು ನೆಟ್ಟಗೆ ಕೂತ. ಚಾಟಿ ಬೀಸಿದ, ಹುಲಿ ಓಡಿತು. ಅನಾನ್ಸಿ ಟೋಪಿ ತೆಗೆದು ಕೂಗಿದ: “ನಾನು ಹೇಳಲಿಲ್ಲವಾ, ನಮ್ಮಪ್ಪನ ಕುದುರೆ ಅಂತ!”

ಇದನ್ನು ಕಬ್ಬಿನ ತೋಟದ ಗುಡಿಸಲಲ್ಲಿ ಕೂತು ಕೇಳಿದವರನ್ನು ನೆನೆಯಿರಿ. ಹಗಲೆಲ್ಲ ಕುದುರೆ ಮೇಲೆ ಕೂತು ಚಾಟಿ ಹಿಡಿದವನು ಯಾರು, ಆ ಚಾಟಿ ಯಾರ ಬೆನ್ನ ಮೇಲೆ ಬೀಳುತ್ತಿತ್ತು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ದೊರೆ ಬಂದು ಕೇಳಿಸಿಕೊಂಡರೂ ಅದು ಜೇಡ, ಹುಲಿಯ ಕತೆ. ಇದೇ ಕತೆ ಅಮೆರಿಕದ ದಕ್ಷಿಣದಲ್ಲಿ ಮೊಲ ನರಿಯನ್ನು ಕುದುರೆ ಮಾಡಿಕೊಂಡ ಕತೆಯಾಗಿ ಇದೆ.

ಇಲ್ಲಿಯವರೆಗೆ ಬಂದ ಮೇಲೆ, ಹಾಗಾದರೆ ಅನಾನ್ಸಿ ಸ್ವಾತಂತ್ರ್ಯ ಹೋರಾಟಗಾರ ಅಂತ ಹೇಳುವ ಆಸೆ ಆಗುತ್ತದೆ. ತುಂಬ ಜನ ಹೇಳುತ್ತಾರೆ ಕೂಡ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಜಮೈಕಾದ ಇನ್ನೊಂದು ಕತೆ ಕೇಳಿ. ಮನೆಯಲ್ಲಿ ತಿನ್ನಲು ಏನೂ ಇಲ್ಲ. ಅನಾನ್ಸಿ ಎಲ್ಲಿಂದಲೋ ನಾಲ್ಕು ಬಾಳೆಕಾಯಿ ತಂದ. ಹೆಂಡತಿಗೊಂದು, ಮೂರು ಮಕ್ಕಳಿಗೆ ಒಂದೊಂದು ಕೊಟ್ಟ. ಅಪ್ಪಾ, ನಿನಗೆ? ಇರಲಿ ಬಿಡಿ, ನನಗೆ ಹಸಿವಿಲ್ಲ, ನಿಮ್ಮ ಹೊಟ್ಟೆ ತುಂಬಿದರೆ ಸಾಕು ಅಂತ ಮುಖ ಸಣ್ಣಗೆ ಮಾಡಿದ. ಮಕ್ಕಳಿಗೆ ತಡೆಯಲಾಗಲಿಲ್ಲ. ಒಬ್ಬೊಬ್ಬರೂ ತಮ್ಮ ಅರ್ಧ ಮುರಿದು ಕೊಟ್ಟರು. ಹೆಂಡತಿಯೂ ಕೊಟ್ಟಳು. ಈಗ ಲೆಕ್ಕ ಹಾಕಿ. ಅವರಿಗೆಲ್ಲ ಅರ್ಧರ್ಧ, ಇವನಿಗೆ ಎರಡು. ಇಲ್ಲಿ ಯಾವ ಹುಲಿ ಇದೆ, ಯಾವ ದೊರೆ ಇದ್ದಾನೆ? ತನ್ನ ಮಕ್ಕಳ ಬಾಯಿಯ ತುತ್ತನ್ನೇ ಕಿತ್ತ. ಹಸಿವಿನ ಲೋಕದಲ್ಲಿ ಚಾಲಾಕಿತನ ಯಾರ ಮೇಲೆ ಬೇಕಾದರೂ ತಿರುಗುತ್ತದೆ ಎಂದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ತಾಯಿಯನ್ನು ಕೊಸರು ಹಾಕಿದವನಲ್ವಾ ಇವನು! ಅವನನ್ನು ತೊಳೆದು, ಬಾಚಿ, ಪಠ್ಯಪುಸ್ತಕಕ್ಕೆ ಲಾಯಕ್ಕಾದ ವೀರನನ್ನಾಗಿ ಮಾಡಿದರೆ ಕತೆಯ ಅರ್ಧ ಬಲ ಹೋಗುತ್ತದೆ.

ಹೀಗೆ ತೊಳೆಯುವ ಕೆಲಸ ಇನ್ನೊಂದು ರೀತಿಯಲ್ಲೂ ನಡೆಯಿತು. ಅದು ಅಮೆರಿಕದಲ್ಲಿ, ಮೊಲದ ಕತೆಗಳಿಗೆ. ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಜಾರ್ಜಿಯಾದ ಈಟನ್‌ಟನ್ ಊರಿನ ಬಿಳಿಯ ಹುಡುಗ. 1862ರಲ್ಲಿ ಟರ್ನ್‌ವೋಲ್ಡ್ ಎಂಬ ತೋಟದಲ್ಲಿ ಅಚ್ಚು ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ. ಆ ತೋಟದ ಯಜಮಾನ ಅಲ್ಲೇ ಒಂದು ಪತ್ರಿಕೆ ನಡೆಸುತ್ತಿದ್ದ. ಸಂಜೆ ಗುಲಾಮರ ಗುಡಿಸಲಲ್ಲಿ ಕೂತು ಹುಡುಗ ಕತೆ ಕೇಳಿದ. ಮುಂದೆ ಅಟ್ಲಾಂಟಾದಲ್ಲಿ ಪತ್ರಕರ್ತರಾದ ಹ್ಯಾರಿಸ್ 1880ರಲ್ಲಿ ಅವುಗಳನ್ನು ಪುಸ್ತಕ ಮಾಡಿದರು. ಪುಸ್ತಕ ಲೋಕವೆಲ್ಲ ಓಡಾಡಿತು. ಆದರೆ ಕತೆ ಹೇಳಲು ಅವರು ಒಂದು ಪಾತ್ರ ಕಟ್ಟಿದರು: ಅಂಕಲ್ ರೀಮಸ್ ಎಂಬ ಕಪ್ಪು ಮುದುಕ. ಗುಲಾಮಗಿರಿ ಮುಗಿದರೂ ಹಳೆಯ ಯಜಮಾನರ ಮನೆಯಲ್ಲೇ ಸಂತೋಷವಾಗಿರುವವನು, ಯಜಮಾನರ ಪುಟ್ಟ ಹುಡುಗನಿಗೆ ಕತೆ ಹೇಳುವವನು. ಕೇಳುಗ ಬದಲಾದ, ನೋಡಿ. ಮೊದಲು ಒಬ್ಬರ ನೋವು ಒಬ್ಬರಿಗೆ ಗೊತ್ತಿದ್ದವರು ಒಟ್ಟಿಗೆ ಕೂತು ಕೇಳುತ್ತಿದ್ದರು. ಈಗ ಯಜಮಾನನ ಮಗ ಒಬ್ಬನೇ ಕೇಳುತ್ತಾನೆ. ಕತೆಯ ಮಾತು ಅದೇ ಇದ್ದರೂ ನಗು ಯಾರದು ಅನ್ನುವುದು ಬದಲಾಗಿಬಿಡುತ್ತದೆ.

ಅದೇ ಈಟನ್‌ಟನ್‌ನಲ್ಲಿ 1944ರಲ್ಲಿ ಹುಟ್ಟಿದ ಕಪ್ಪು ಲೇಖಕಿ ಆಲಿಸ್ ವಾಕರ್. ಅವರ ಮನೆಯಲ್ಲೂ ಈ ಕತೆಗಳಿದ್ದವು. ಹ್ಯಾರಿಸ್ ನನ್ನ ಪರಂಪರೆಯ ದೊಡ್ಡ ಭಾಗವನ್ನು ಕದ್ದರು, ಅದರ ಬಗ್ಗೆ ನನಗೆ ನಾಚಿಕೆ ಆಗುವಂತೆ ಮಾಡಿ ಕದ್ದರು ಅಂತ ಅವರು ಬರೆದಿದ್ದಾರೆ. ಹ್ಯಾರಿಸ್ ಬರೆದಿಡದಿದ್ದರೆ ಎಷ್ಟೋ ಕತೆ ನಮಗೆ ಸಿಗುತ್ತಿರಲಿಲ್ಲ ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೇ ಇಟ್ಟುಕೊಳ್ಳಬೇಕು. ಡಿಸ್ನಿ ಕಂಪನಿ 1946ರಲ್ಲಿ ಇದನ್ನೇ ಸಿನಿಮಾ ಮಾಡಿತು. ಆ ಸಿನಿಮಾವನ್ನು ಅಮೆರಿಕದಲ್ಲಿ ವಿಡಿಯೋ ಕ್ಯಾಸೆಟ್, ಡಿವಿಡಿ ರೂಪದಲ್ಲಿ ಯಾವತ್ತೂ ಬಿಡುಗಡೆ ಮಾಡಲಿಲ್ಲ. ಆ ಸಿನಿಮಾದ ಕತೆ ಇಟ್ಟುಕೊಂಡು ಡಿಸ್ನಿ ಪಾರ್ಕ್‌ಗಳಲ್ಲಿ ಕಟ್ಟಿದ್ದ ನೀರಿನ ಜಾರುಬಂಡಿಯನ್ನು ಫ್ಲಾರಿಡಾ, ಕ್ಯಾಲಿಫೋರ್ನ್ಯಾ ಎರಡೂ ಕಡೆ 2023ರಲ್ಲಿ ಮುಚ್ಚಿದರು.

ಹ್ಯಾರಿಸ್ ಪುಸ್ತಕದಿಂದ ಅತಿ ಹೆಚ್ಚು ಹೆಸರಾದದ್ದು ಡಾಂಬರಿನ ಗೊಂಬೆ. ನರಿ ಡಾಂಬರಿನಿಂದ ಗೊಂಬೆ ಮಾಡಿ ದಾರಿಯಲ್ಲಿ ಕೂರಿಸುತ್ತದೆ. ಮೊಲ ನಮಸ್ಕಾರ ಅನ್ನುತ್ತದೆ, ಉತ್ತರ ಇಲ್ಲ. ಹೊಡೆಯುತ್ತದೆ, ಅಂಟಿಕೊಳ್ಳುತ್ತದೆ. ಮಾಯಾ ಹೆಣ್ಣಿನ ಕತೆ ನೆನಪಾಯಿತಲ್ಲ? ಆದರೆ ಇಲ್ಲಿ ಸಿಕ್ಕಿಬಿದ್ದದ್ದು ಕಿಲಾಡಿಯೇ. ಆಗ ಮೊಲ ನರಿಯ ಕಾಲು ಹಿಡಿದು ಬೇಡುತ್ತದೆ. ಸುಟ್ಟು ಹಾಕು, ನೇಣು ಹಾಕು, ಆ ಮುಳ್ಳು ಪೊದೆಗೆ ಮಾತ್ರ ಎಸೆಯಬೇಡ. ನರಿ ಅಲ್ಲಿಗೇ ಎಸೆಯುತ್ತದೆ. ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲಿಂದ ಮೊಲ ಕೂಗಿ ಹೇಳುತ್ತದೆ: ನಾನು ಹುಟ್ಟಿ ಬೆಳೆದದ್ದೇ ಮುಳ್ಳು ಪೊದೆಯಲ್ಲಿ!

ಈ ಗೊಂಬೆಯ ಮೂಲ ಭಾರತ ಅಂತ ಒಂದು ವಾದ ಇದೆ. ಬೌದ್ಧ ಜಾತಕ ಕತೆಗಳಲ್ಲಿ 55ನೆಯದು ಪಂಚಾಯುಧ ಜಾತಕ. ಐದು ಆಯುಧಗಳ ರಾಜಕುಮಾರ ಕಾಡಿನಲ್ಲಿ ಅಂಟು ಕೂದಲಿನ ರಾಕ್ಷಸನ ಎದುರು ನಿಲ್ಲುತ್ತಾನೆ. ಬಾಣ, ಕತ್ತಿ, ಈಟಿ ಎಲ್ಲ ಕೂದಲಿಗೆ ಅಂಟುತ್ತವೆ. ಎರಡು ಕೈ, ಎರಡು ಕಾಲು, ಕೊನೆಗೆ ತಲೆ, ಹೀಗೆ ಐದು ಕಡೆ ಅವನೂ ಅಂಟಿಕೊಳ್ಳುತ್ತಾನೆ. ಹೆದರದೆ ಮಾತಾಡಿಯೇ ಬಿಡಿಸಿಕೊಳ್ಳುತ್ತಾನೆ. 1890ರ ದಶಕದಲ್ಲಿ ಜಾನಪದ ವಿದ್ವಾಂಸ ಜೋಸೆಫ್ ಜೇಕಬ್ಸ್ ಇದನ್ನು ಎತ್ತಿ ತೋರಿಸಿದರು. 1930ರಲ್ಲಿ ಇನ್ನೊಬ್ಬ ವಿದ್ವಾಂಸ ಅರೇಲಿಯೊ ಎಸ್ಪಿನೋಸಾ ಈ ಕತೆಯ ನೂರೈವತ್ತಕ್ಕೂ ಹೆಚ್ಚು ರೂಪಗಳನ್ನು ಹೋಲಿಸಿ, ಮೂಲ ಭಾರತವೇ ಅಂದರು. ಹೀಗಂದಾಗ ನಮ್ಮ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ನಾನು ಚಪ್ಪಾಳೆ ಕೇಳುತ್ತಿಲ್ಲ. ಅಂಟಿಗೆ ಸಿಕ್ಕಿಬೀಳುವ ಉಪಾಯ ಅಂಟು ಇರುವ ಯಾವ ಕಾಡಿನಲ್ಲೂ ಹೊಳೆಯಬಹುದು. ಜಾರ್ಜಿಯಾದ ಗುಡಿಸಲಿಗೆ ಅದು ಬಂದದ್ದು ಆಫ್ರಿಕಾದವರ ನೆನಪಿನಿಂದ. ಅಲ್ಲಿನ ಮೂಲ ನಿವಾಸಿಗಳಾದ ಚೆರೊಕೀ ಜನರಲ್ಲೂ ಕಿಲಾಡಿ ಮೊಲ ಇದೆ ಅನ್ನುವುದನ್ನೂ ಮರೆಯಬಾರದು.

ಯುರೋಪಿನಿಂದ ಬಂದದ್ದೂ ಇದೆ. ಹೈಟಿಯ ಒಂದು ಕತೆಯಲ್ಲಿ ತಿ ಮಾಲಿಸ್ ಹೊಲದ ಕೆಲಸ ಬಿಟ್ಟು, ಮಗುವಿಗೆ ಹೆಸರಿಡಲು ಕರೆದಿದ್ದಾರೆ ಅಂತ ಹೋಗಿ ಹೋಗಿ ಬುಕಿಯ ತಿಂಡಿ ತಿನ್ನುತ್ತಾನೆ. ಹೆಸರು ಏನಿಟ್ಟೆ ಅಂದರೆ ಮೊದಲ ಸಲ ‘ಶುರುವಾಯ್ತು’, ಆಮೇಲೆ ‘ಅರ್ಧ ಆಯ್ತು’, ಕೊನೆಗೆ ‘ಖಾಲಿ’. ಇದೇ ಕತೆ ಜರ್ಮನಿಯಲ್ಲಿ ಬೆಕ್ಕು, ಇಲಿಯ ಮೇಲೆ ಇದೆ. ಇಂಥವನ್ನು ಹಿಡಿದು ಅಮೆರಿಕದ ವಿದ್ವಾಂಸ ರಿಚರ್ಡ್ ಡಾರ್ಸನ್, ಕಪ್ಪು ಜನರ ಕತೆಗಳಲ್ಲಿ ಹೆಚ್ಚಿನವು ಯುರೋಪಿನವು ಅಂದರು. ಇನ್ನೊಬ್ಬ ವಿದ್ವಾಂಸ ವಿಲಿಯಂ ಬ್ಯಾಸ್ಕಮ್ 1970ರ ದಶಕದ ಕೊನೆಯಲ್ಲಿ ಒಂದೊಂದೇ ಕತೆ ಎತ್ತಿಕೊಂಡು, ಇದು ಆಫ್ರಿಕಾದಲ್ಲಿದೆ, ಅಮೆರಿಕದಲ್ಲಿದೆ, ಯುರೋಪಿನಲ್ಲಿ ಇಲ್ಲ ಅಂತ ಪಟ್ಟಿ ಕೊಡುತ್ತಾ ಹೋದರು. ಗಟ್ಟಿ ಕೆಲಸ ಅದು. ನನಗೆ ಬ್ಯಾಸ್ಕಮ್ ಮಾತೇ ಹೆಚ್ಚು ಒಪ್ಪಿಗೆ.

ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಬಂದಿರಬಹುದು. ಅವರೂ ಆಫ್ರಿಕಾ ಮೂಲದವರೇ, ಅಲ್ಲಿ ಅನಾನ್ಸೆ ಇದ್ದಾನಾ ಅಂತ. ಸಿದ್ದಿಗಳ ಪೂರ್ವಿಕರು ಹೆಚ್ಚಾಗಿ ಆಫ್ರಿಕಾದ ಪೂರ್ವ ಭಾಗದಿಂದ, ಹಿಂದೂ ಮಹಾಸಾಗರ ದಾಟಿ, ಬಹಳ ಮಂದಿ ಪೋರ್ಚುಗೀಸರ ಗೋವಾ ಮೂಲಕ ಬಂದವರು. ಘಾನಾ ಇರುವುದು ಆ ಖಂಡದ ಇನ್ನೊಂದು ಮಗ್ಗುಲಲ್ಲಿ. ಅದು ಬೇರೆ ಸಮುದ್ರ, ಬೇರೆ ಜನ. ಆಫ್ರಿಕಾ ಅಂದ ಕೂಡಲೇ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಬಾರದು.

ಕೊನೆಗೆ ಮತ್ತೆ ಜಮೈಕಾ. ಲೂಯಿಸ್ ಬೆನೆಟ್ ಅನ್ನುವ ಹೆಸರು ಬರೆದುಕೊಳ್ಳಿ. ಜನ ಅವರನ್ನು ಮಿಸ್ ಲೂ ಅಂತಲೇ ಕರೆಯುತ್ತಿದ್ದರು. 1919ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದವರು. ಶಾಲೆಯಲ್ಲಿ ಇಂಗ್ಲಿಷೇ ಮಾತಾಡಬೇಕು, ಬೀದಿಯ ಭಾಷೆ ಕೀಳು ಅನ್ನುವ ಕಾಲದಲ್ಲಿ ಆ ಬೀದಿಯ ಭಾಷೆಯಲ್ಲೇ ಪದ್ಯ ಬರೆದರು, ಅನಾನ್ಸಿ ಕತೆ ಹೇಳಿದರು. 1970ರಿಂದ 1982ರವರೆಗೆ ಜಮೈಕಾದ ಟಿವಿಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸಿದರು. ಅನಾನ್ಸಿ ಬೇಡ ಅನ್ನುವವರು ಜಮೈಕಾದಲ್ಲೇ ಇದ್ದಾರೆ. ದೇಶದಲ್ಲಿ ಯಾರು ಯಾರಿಗೆ ಮೋಸ ಮಾಡಿದರೂ ಅದನ್ನು ‘ಅನಾನ್ಸಿಯಿಸಂ’ ಅಂತ ಬೈಯುವುದು ಅಲ್ಲಿ ರೂಢಿ. ಮಕ್ಕಳಿಗೆ ಇಂಥವನ ಕತೆ ಯಾಕೆ ಹೇಳಬೇಕು ಅನ್ನುತ್ತಾರೆ.

ಇದಕ್ಕೆ ಹಳೆಯ ಕತೆಗಾರರ ಹತ್ತಿರ ಮೊದಲೇ ಉತ್ತರ ಇತ್ತು. ಜಮೈಕಾದಲ್ಲಿ ಅನಾನ್ಸಿ ಕತೆ ಮುಗಿಸುವಾಗ “ಜ್ಯಾಕ್ ಮಂಡೋರಾ, ಮಿ ನೋ ಚೂಸ್ ನನ್” ಅನ್ನಬೇಕು. ನಾನು ಇದ್ಯಾವುದನ್ನೂ ಆರಿಸಿಕೊಂಡವನಲ್ಲ ಅಂತ ಅರ್ಥ. ಬೆನೆಟ್ ಇದನ್ನು ವಿವರಿಸಿದ್ದರು. ಜ್ಯಾಕ್ ಮಂಡೋರಾ ಸ್ವರ್ಗದ ಬಾಗಿಲು ಕಾಯುವವನು. ಅನಾನ್ಸಿ ಕೆಲವು ಸಲ ತೀರಾ ಕೆಟ್ಟ ಕೆಲಸ ಮಾಡುತ್ತಾನೆ, ಅದಕ್ಕೆ ನಮ್ಮ ಒಪ್ಪಿಗೆ ಇಲ್ಲ ಅಂತ ಅವನಿಗೆ ತಿಳಿಸಬೇಕು. ಆದ್ದರಿಂದ ಚಿಕ್ಕವರಿದ್ದಾಗ ಪ್ರತಿ ಕತೆಯ ಕೊನೆಗೂ ತಪ್ಪದೆ ಹೇಳುತ್ತಿದ್ದೆವು ಅಂತ. ಕತೆ ಪೂರ್ತಿ ಕೇಳಿ ಹೊಟ್ಟೆ ತುಂಬ ನಕ್ಕ ಮೇಲೆ ಈ ಮಾತು!

ಬೆನೆಟ್ 2006ರಲ್ಲಿ ಟೊರಾಂಟೋದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅನಾನ್ಸಿ ಇನ್ನೊಂದು ಸಲ ಸಾಗರ ದಾಟಿದ್ದ. 1948ರಿಂದ ಕೆಲಸ ಹುಡುಕಿಕೊಂಡು ಜಮೈಕಾದವರು ಇಂಗ್ಲೆಂಡಿಗೆ ಹೋದರು, ಆಮೇಲೆ ಕೆನಡಾಕ್ಕೂ ಹೋದರು. ಈ ಸಲ ಟಿಕೆಟ್ ಕೊಂಡು ಹೋದರು. ಲಂಡನ್ನಿನ, ಟೊರಾಂಟೋದ ಲೈಬ್ರರಿಗಳಲ್ಲಿ ಮಕ್ಕಳ ಕಪಾಟಿನಲ್ಲಿ ಈಗ ಅನಾನ್ಸಿ ಬಣ್ಣದ ಚಿತ್ರಗಳಲ್ಲಿದ್ದಾನೆ. ಹುಡುಕಿ ಓದಿ. ಓದುವಾಗ ಒಂದನ್ನು ಗಮನಿಸಿ: ಬಾಳೆಕಾಯಿ ಹಂಚುವ ಕತೆ ಆ ಪುಸ್ತಕದಲ್ಲಿದೆಯಾ, ಅಥವಾ ಬಿಟ್ಟಿದ್ದಾರಾ?